ರೆಡ್‌ವುಡ್ ಸಿಟಿಯ ಸುರುಳಿಯಿಂದ ಮನೆ ಮೂಲೆಯ ಕಂಪ್ಯೂಟರಿಗೆ

ಬೇ ಏರಿಯಾದ ಕನ್ನಡಿಗರಿಗೆ ನೂರೊಂದು ಎಂದರೆ ಎರಡೇ ಅರ್ಥ. ಒಂದು, ಮದುವೆ ಮುಂಜಿಗಳಲ್ಲಿ ಲಕೋಟೆಯೊಳಗಿಟ್ಟು ಕೊಡುವ ಮುಯ್ಯಿ. ಇನ್ನೊಂದು, ಬೆಳಗು ಸಂಜೆ ಬೈದುಕೊಳ್ಳುತ್ತ ಬಸವನ ಹುಳುವಿನ ಹಾಗೆ ತೆವಳುವ ಹೆದ್ದಾರಿ. ಈ ಹೆದ್ದಾರಿಯ ಹೆಸರೆತ್ತಿದರೆ ನಮಗೆ ನೆನಪಾಗುವುದು ಚಿಪ್ಪು, ಸಾಫ್ಟ್‌ವೇರು, ಸ್ಟಾಕ್ ಆಪ್ಷನ್ನು. ಆದರೆ ಸ್ಯಾನ್ ಕಾರ್ಲೋಸಿನಿಂದ ಸ್ಯಾನ್ ಹೋಸೆವರೆಗಿನ ಇದೇ ಮೂವತ್ತು ಮೈಲಿಯಲ್ಲಿ ಇನ್ನೊಂದು ಕಸುಬೂ ಬೆಳೆಯಿತು. ಅದು ಧ್ವನಿಯನ್ನು ಹಿಡಿದಿಡುವ ಕಸುಬು. ಇಂದು ಯಾರಾದರೂ ಮನೆಯ ಮೂಲೆಯಲ್ಲಿ ಕಂಪ್ಯೂಟರು, ಮೈಕು, ಹೆಡ್‌ಫೋನು ಜೋಡಿಸಿಕೊಂಡು ಒಂದು ಭಾವಗೀತೆಯನ್ನೋ ದೇವರನಾಮವನ್ನೋ ಮುದ್ರಿಸಿಕೊಳ್ಳುತ್ತಾರಲ್ಲ, ಅವರ ಬೆರಳಡಿಯ ಗುಂಡಿಗಳಲ್ಲಿ ಬಹುಪಾಲಿನ ಜಾತಕ ಈ ರಸ್ತೆಯ ಆಚೀಚೆ ಬರೆದದ್ದು. ಆ ಜಾತಕವನ್ನು ಸ್ವಲ್ಪ ಬಿಡಿಸಿ ನೋಡೋಣ. ನಮ್ಮ ಹಾಡುಗಾರಿಕೆಗೆ ಅದರಿಂದ ಏನು ಸಿಕ್ಕಿತು, ಏನು ಸಿಗಲಿಲ್ಲ ಎನ್ನುವುದೂ ಅದರಲ್ಲೇ ಇದೆ.

ರೆಡ್‌ವುಡ್ ಸಿಟಿಯ ಪೇಟೆಬೀದಿಗೆ ಹೋದವರು ಅಲ್ಲಿನ ಕಮಾನನ್ನು ನೋಡಿರುತ್ತೀರಿ. ನಮ್ಮೂರ ಹವೆ ಅತ್ಯುತ್ತಮವೆಂದು ಸರ್ಕಾರವೇ ಪರೀಕ್ಷೆ ಮಾಡಿ ಹೇಳಿದೆ ಎಂಬರ್ಥದ ಜಂಬದ ಮಾತು ಅದರ ಮೇಲಿದೆ. (ಹವೆಯ ವಿಷಯ ನೆನಪಿಡಿ, ಕೊನೆಗೆ ಬೇಕಾಗುತ್ತದೆ.) ಆ ಊರಿಗೆ ಜಗತ್ತಿನಲ್ಲಿ ಹೆಸರು ತಂದದ್ದು ಮಾತ್ರ ಹವೆಯಲ್ಲ, ಆಂಪೆಕ್ಸ್ ಎಂಬ ಕಂಪನಿ. ಅದರ ದೊಡ್ಡ ಫಲಕ ದಶಕಗಳ ಕಾಲ ನೂರೊಂದರ ಪಕ್ಕದಲ್ಲಿ ನಿಂತಿತ್ತು. ಕಂಪನಿ ಹುಟ್ಟಿದ್ದು ಪಕ್ಕದ ಸ್ಯಾನ್ ಕಾರ್ಲೋಸಿನಲ್ಲಿ, 1944ರಲ್ಲಿ. ಕಟ್ಟಿದವರು ಅಲೆಕ್ಸಾಂಡರ್ ಎಂ. ಪೊನಿಯಾಟಾಫ್. ರಷ್ಯಾದಲ್ಲಿ ಹುಟ್ಟಿ, ಅಲ್ಲಿನ ಕ್ರಾಂತಿಯ ನಂತರ ಶಾಂಘಾಯಿಗೆ ಬಂದು, ಅಲ್ಲಿಂದ 1927ರಲ್ಲಿ ಅಮೆರಿಕ ಸೇರಿದವರು. ನಮ್ಮ ಹಾಗೇ ಹೊರಗಿನಿಂದ ಬಂದವರು ಎನ್ನಿ. ಎ, ಎಂ, ಪಿ ಎಂಬ ಮೂರು ಅಕ್ಷರ ಅವರ ಹೆಸರಿನವು, ಕೊನೆಯ 'ಎಕ್ಸ್' ಎಕ್ಸಲೆನ್ಸ್‌ನದ್ದು. ಯುದ್ಧಕಾಲದಲ್ಲಿ ನೌಕಾಪಡೆಯ ರೇಡಾರುಗಳಿಗೆ ಮೋಟಾರು ಮಾಡಿ ಕೊಡುತ್ತಿದ್ದ ಪುಟ್ಟ ಕಾರ್ಖಾನೆ ಅದು. ಯುದ್ಧ ಮುಗಿಯಿತು, ಆರ್ಡರು ನಿಂತಿತು. ಮುಂದೇನು ಎಂದು ತಲೆಗೆ ಕೈಯಿಟ್ಟು ಕೂತಿದ್ದಾಗ ಅವರ ಕಿವಿಗೆ ಬಿದ್ದದ್ದು ಜರ್ಮನಿಯಿಂದ ಬಂದ ಒಂದು ಸುರುಳಿಯ ಸದ್ದು.

ಆ ಸುರುಳಿಯನ್ನು ತಂದವರು ಅಮೆರಿಕದ ಸೇನೆಯಲ್ಲಿದ್ದ ಎಂಜಿನಿಯರ್ ಜ್ಯಾಕ್ ಮಲ್ಲಿನ್. 1945ರಲ್ಲಿ ಜರ್ಮನಿಯ ಬಾಡ್ ನೌಹೈಮ್ ಎಂಬಲ್ಲಿ ರೇಡಿಯೋ ಕೇಂದ್ರದವರು ಬಳಸುತ್ತಿದ್ದ ಮ್ಯಾಗ್ನೆಟೋಫೋನ್ ಯಂತ್ರ ಅವರ ಕಣ್ಣಿಗೆ ಬಿತ್ತು. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬಳಿದ ಕಬ್ಬಿಣದ ಆಕ್ಸೈಡಿನಲ್ಲಿ ಇಡೀ ವಾದ್ಯಮೇಳವೇ ಅಡಗಿ ಕೂತಿತ್ತು! ಎರಡು ಯಂತ್ರಗಳನ್ನು ಬಿಚ್ಚಿ, ತುಂಡು ತುಂಡಾಗಿ ಅಂಚೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಕಳಿಸಿ, ಊರಿಗೆ ಬಂದು ಜೋಡಿಸಿ, 1946ರ ಮೇ 16ರಂದು ರೇಡಿಯೋ ಎಂಜಿನಿಯರುಗಳ ಸಭೆಯಲ್ಲಿ ಕೇಳಿಸಿದರು. ಅದನ್ನು ಕೇಳಿದ ಹೆರಾಲ್ಡ್ ಲಿಂಡ್ಸೆ ಮುಂದೆ ಆಂಪೆಕ್ಸ್ ಸೇರಿ ಅಮೆರಿಕದ್ದೇ ಆದ ಟೇಪ್ ಯಂತ್ರದ ವಿನ್ಯಾಸಕ್ಕೆ ಇಳಿದರು. ಹಣ? ಅದಕ್ಕೆ ಒದಗಿದವರು ಗಾಯಕ ಬಿಂಗ್ ಕ್ರಾಸ್ಬಿ. ರೇಡಿಯೋದಲ್ಲಿ ವಾರವಾರವೂ ನೇರವಾಗಿ ಹಾಡಿ ಹಾಡಿ ಅವರಿಗೆ ಸಾಕಾಗಿತ್ತು. ಬಿಡುವಿದ್ದಾಗ ಮುದ್ರಿಸಿಟ್ಟು ಆಮೇಲೆ ಪ್ರಸಾರ ಮಾಡುವ ಆಸೆ. ಆದರೆ ಆಗಿನ ಡಿಸ್ಕಿನ ಸದ್ದು ಕೇಳುವವರಿಗೆ ಗೊತ್ತಾಗಿಬಿಡುತ್ತಿತ್ತು. ಮಲ್ಲಿನ್ನರ ಜರ್ಮನ್ ಯಂತ್ರದಲ್ಲಿ ಮುದ್ರಿಸಿದ ಕ್ರಾಸ್ಬಿ ಕಾರ್ಯಕ್ರಮ 1947ರ ಅಕ್ಟೋಬರಿನಲ್ಲಿ ಬಿತ್ತರವಾಯಿತು. ಆಂಪೆಕ್ಸಿಗೆ ಅವರಿಂದ 50,000 ಡಾಲರ್ ಮುಂಗಡ ಬಂತು. 1948ರಲ್ಲಿ 'ಮಾಡೆಲ್ 200' ಹೊರಬಿತ್ತು. ಮುಂದಿನ ಕೆಲವೇ ವರ್ಷಗಳಲ್ಲಿ ಕಂಪನಿ ರೆಡ್‌ವುಡ್ ಸಿಟಿಯಲ್ಲಿ ನೆಲೆಯೂರಿತು.

ಇಲ್ಲಿಯವರೆಗಿನದು ರೇಡಿಯೋ ಕೇಂದ್ರಗಳ ಕಥೆ. ಮನೆಯ ಕಥೆ ಶುರುವಾಗುವುದು ಇನ್ನು ಮುಂದೆ.

ಮನೆಯಲ್ಲಿ ಧ್ವನಿಮುದ್ರಣ ಎಂಬುದು ದೊಡ್ಡ ಸ್ಟುಡಿಯೋಗಳು ಕಾಲಕ್ರಮದಲ್ಲಿ ಕುಗ್ಗಿ, ಅಗ್ಗವಾಗಿ, ಕೊನೆಗೆ ಮನೆ ಹೊಕ್ಕ ಪರಿಣಾಮ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ನಡೆದದ್ದು ಬಹುಮಟ್ಟಿಗೆ ತಿರುಗಾಮುರುಗಾ. ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ 1949ರ ಸುಮಾರಿಗೆ ಕ್ರಾಸ್ಬಿ ಒಂದು ಆಂಪೆಕ್ಸ್ ಯಂತ್ರವನ್ನು ಉಡುಗೊರೆ ಕೊಟ್ಟರು. ಆ ಮಹಾಶಯರು ಅದಕ್ಕೆ ಇನ್ನೊಂದು ಹೆಡ್ ಜೋಡಿಸಿ, ಮೊದಲು ಬಾರಿಸಿದ್ದನ್ನು ಕೇಳುತ್ತಲೇ ಅದರ ಮೇಲೆ ಇನ್ನೊಂದನ್ನು ಬಾರಿಸಿ ಪದರ ಪದರವಾಗಿ ಮುದ್ರಿಸುವ ಉಪಾಯ ಕಂಡುಕೊಂಡರು. ಹೆಂಡತಿ ಮೇರಿ ಫೋರ್ಡ್ ಒಬ್ಬರೇ ಹಾಡಿದ್ದು ಇಡೀ ಗುಂಪು ಹಾಡಿದ ಹಾಗೆ ಕೇಳುತ್ತಿತ್ತು. 1951ರಲ್ಲಿ ಅವರ ಹಾಡು ಅಮೆರಿಕದಲ್ಲೆಲ್ಲ ಮೊದಲ ಸ್ಥಾನಕ್ಕೇರಿತಲ್ಲ, ಅದು ತಯಾರಾದದ್ದು ಸ್ಟುಡಿಯೋದಲ್ಲಲ್ಲ, ಅವರು ವಾಸವಿದ್ದ ಮನೆಯಲ್ಲಿ. ಆದರೆ ಈ ಉಪಾಯದಲ್ಲಿ ಒಂದು ಅಪಾಯವಿತ್ತು. ಹೊಸ ಪದರ ಹಾಕುವಾಗ ಹಳೆಯದು ಅಳಿಸಿಹೋಗುತ್ತಿತ್ತು. ಹತ್ತನೇ ಪದರದಲ್ಲಿ ಎಡವಿದರೆ ಮೊದಲಿನಿಂದ ಆರಂಭ. ದೋಸೆ ಹೆಂಚಿನ ಮೇಲೆ ಹತ್ತನೆಯ ದೋಸೆ ಕೆಟ್ಟರೆ ಹಿಂದಿನ ಒಂಬತ್ತೂ ಕೆಟ್ಟ ಹಾಗೆ!

ಪ್ರತಿ ದನಿಗೂ ಬೇರೆ ಬೇರೆ ಸಾಲು ಇದ್ದರೆ? ಸಾಲುಗಳೇನೋ ಸಾಧ್ಯವಿತ್ತು, ತೊಡಕು ಇದ್ದದ್ದು ಕಾಲದಲ್ಲಿ. ಟೇಪ್ ಯಂತ್ರದಲ್ಲಿ ಬರೆಯುವ ಹೆಡ್ಡು ಒಂದು ಕಡೆ, ಓದುವ ಹೆಡ್ಡು ಅದರಾಚೆ. ಟೇಪು ಸೆಕೆಂಡಿಗೆ 15 ಅಂಗುಲ ಓಡುತ್ತದೆ. ಎರಡು ಹೆಡ್ಡಿನ ನಡುವೆ ಒಂದೂವರೆ ಅಂಗುಲವಿದ್ದರೆ ಕೇಳಿಸುವುದಕ್ಕೂ ಬರೆಯುವುದಕ್ಕೂ ಸೆಕೆಂಡಿನ ಹತ್ತನೇ ಒಂದು ಭಾಗ ವ್ಯತ್ಯಾಸ. ಹಳೆಯದನ್ನು ಕೇಳುತ್ತ ಹೊಸದನ್ನು ಹಾಡಿದರೆ ಎರಡೂ ಕೂಡುವುದಿಲ್ಲ, ತಾಳ ಒಂದೆಡೆ ಮೇಳ ಒಂದೆಡೆ. ಆಂಪೆಕ್ಸಿನ ರಾಸ್ ಸ್ನೈಡರ್ ಮತ್ತು ಸಂಗಡಿಗರು ಇದಕ್ಕೆ ಮಾಡಿದ ಪರಿಹಾರಕ್ಕೆ 'ಸೆಲ್-ಸಿಂಕ್' ಎಂದು ಹೆಸರು. ಬರೆಯುವ ಹೆಡ್ಡಿನಲ್ಲೇ, ಈಗ ಬರೆಯದೆ ಖಾಲಿ ಕೂತಿರುವ ಸಾಲುಗಳನ್ನು ಓದಲು ಬಿಡುವುದು, ಅಷ್ಟೇ. ಹೀಗೆ ಎಂಟು ಸಾಲಿನ ಯಂತ್ರ ತಯಾರಾಯಿತು. 1957ರಲ್ಲಿ ಅದರ ಮೊದಲ ಪ್ರತಿ ಹೋದದ್ದು ಎಲ್ಲಿಗೆ? ಯಾವ ರೆಕಾರ್ಡ್ ಕಂಪನಿಗೂ ಅಲ್ಲ, ನ್ಯೂಜೆರ್ಸಿಯ ಮಾವಾ ಎಂಬಲ್ಲಿದ್ದ ಲೆಸ್ ಪಾಲ್ ಮನೆಗೆ. ಬೆಲೆ 10,000 ಡಾಲರ್, ಆ ಕಾಲಕ್ಕೆ ಒಂದು ಮನೆಯ ಬೆಲೆಯೇ. ಅವರು ಅದಕ್ಕೆ 'ಆಕ್ಟೋಪಸ್' ಎಂದು ಹೆಸರಿಟ್ಟರು. ದೊಡ್ಡ ಸ್ಟುಡಿಯೋಗಳಲ್ಲಿ ಹೆಚ್ಚಿನವು ಎಂಟು ಸಾಲಿಗೆ ಬರಲು ಇನ್ನೂ ಹತ್ತು ವರ್ಷ ಹಿಡಿಯಿತು. ಮನೆ ಮುಂದೆ, ಸ್ಟುಡಿಯೋ ಹಿಂದೆ!

ಇದೇ ಊರಿನ ಇನ್ನೊಬ್ಬ ಹುಡುಗನ ಮಾತೂ ಬರಬೇಕು. ರೆಡ್‌ವುಡ್ ಸಿಟಿಯ ಸೆಕ್ವಾಯಾ ಹೈಸ್ಕೂಲಿನಲ್ಲಿ ಓದುತ್ತಿದ್ದ ಈತ ಶಾಲೆಯಲ್ಲಿ ಸಿನಿಮಾ ಪ್ರೊಜೆಕ್ಟರ್ ನಡೆಸುತ್ತಿದ್ದ. ಅದರಿಂದ ಪೊನಿಯಾಟಾಫ್ ಪರಿಚಯವಾಗಿ, ಓದುತ್ತಿರುವಾಗಲೇ ಆಂಪೆಕ್ಸಿನ ಕೆಲಸಕ್ಕೆ ಸೇರಿದ. 1956ರಲ್ಲಿ ಹೊರಬಂದ ವಿಡಿಯೋ ಟೇಪ್ ಯಂತ್ರದ ತಂಡದಲ್ಲಿಯೂ ಇದ್ದ. ಹೆಸರು ರೇ ಡಾಲ್ಬಿ. 1963ರಿಂದ 1965ರವರೆಗೆ ಯುನೆಸ್ಕೋ ಸಲಹೆಗಾರರಾಗಿ ಭಾರತದಲ್ಲಿ, ಚಂಡೀಗಢದಲ್ಲಿ, ಇದ್ದರು. ಟೇಪಿನ 'ಸ್ಸ್' ಎಂಬ ಸದ್ದನ್ನು ತಗ್ಗಿಸುವ ಯೋಚನೆ ಅವರಿಗೆ ಬಂದದ್ದು ಅಲ್ಲಿದ್ದಾಗಲೇ. ಅಲ್ಲಿಂದ ಲಂಡನ್ನಿಗೆ ಹೋಗಿ 1965ರಲ್ಲಿ ಕಂಪನಿ ಕಟ್ಟಿದರು, 1976ರಲ್ಲಿ ಅದನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ತಂದರು. ಫಿಲಿಪ್ಸ್ ಕಂಪನಿ 1963ರಲ್ಲಿ ಕ್ಯಾಸೆಟ್ ತಂದಾಗ ಅದು ಪತ್ರದ ಒಕ್ಕಣೆ ಹೇಳಿ ಬರೆಸುವುದಕ್ಕೆ ಸಾಕು, ಸಂಗೀತಕ್ಕಲ್ಲ ಎನ್ನುವ ಮಟ್ಟದಲ್ಲಿತ್ತು. ಅದಕ್ಕೆ ಸಂಗೀತದ ಯೋಗ್ಯತೆ ತಂದುಕೊಟ್ಟವುಗಳಲ್ಲಿ ಡಾಲ್ಬಿಯವರ ಉಪಾಯವೂ ಒಂದು. ನಮ್ಮ ಹಳೆಯ ಡೆಕ್ಕುಗಳ ಮೇಲೆ ಎರಡು 'ಡಿ' ಬೆನ್ನಿಗೆ ಬೆನ್ನು ಕೊಟ್ಟು ಕೂತ ಚಿಹ್ನೆ ನೆನಪಿದೆಯಲ್ಲ?

ಕ್ಯಾಸೆಟ್ ಎಂದೊಡನೆ ಕಥೆ ನಮ್ಮ ಮನೆಬಾಗಿಲಿಗೆ ಬಂತು. ಕನ್ನಡದ ಹಾಡು ಮುದ್ರಣವಾಗುವುದಕ್ಕೆ ಬಹಳ ಕಾಲ ಕನ್ನಡ ನಾಡಿನಿಂದ ಹೊರಗೆ ಹೋಗಬೇಕಿತ್ತು. ಚಿತ್ರಗೀತೆಗಳು ಮದರಾಸಿನಲ್ಲಿ ಆಗುತ್ತಿದ್ದವು. ಎಂಬತ್ತರ ದಶಕದಲ್ಲಿ ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಲು ಹೊರಟದ್ದರ ಹಿಂದೆ ಈ ನೋವೂ ಇತ್ತು ಎಂದು ನನ್ನ ಊಹೆ. ಅಷ್ಟರಲ್ಲಿ ಕ್ಯಾಸೆಟ್ ಬಂದಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದೇ ಹೆಸರಾಯಿತು. ಧ್ವನಿಸುರುಳಿ! ಎಂಥ ಚೆಂದದ ಪದ ನೋಡಿ. ಸಿ.ಡಿ.ಗೆ ಧ್ವನಿಸಾಂದ್ರಿಕೆ ಎಂದರು, ಅದು ಕರಪತ್ರಗಳನ್ನು ದಾಟಿ ನಾಲಿಗೆಗೆ ಇಳಿಯಲೇ ಇಲ್ಲ. ಕಂಪ್ಯೂಟರಿನೊಳಗಿನ ಕಡತಕ್ಕೆ ಯಾರೂ ಹೆಸರಿಡುವ ಗೋಜಿಗೇ ಹೋಗಲಿಲ್ಲ, ಫೈಲು ಎಂದರೆ ಮುಗಿಯಿತು.

ಆ ಧ್ವನಿಸುರುಳಿಗಳು ಇಲ್ಲಿಗೆ ಬಂದದ್ದು ಸೂಟ್‌ಕೇಸುಗಳಲ್ಲಿ, ಚಟ್ನಿಪುಡಿಯ ಡಬ್ಬಿ ಮತ್ತು ಉಪ್ಪಿನಕಾಯಿಯ ನಡುವೆ. ಎರಡು ಬಾಗಿಲಿನ ಟೇಪ್ ರೆಕಾರ್ಡರ್ ಇದ್ದವರ ಮನೆಯೇ ಊರಿನ ಕನ್ನಡ ಗ್ರಂಥಾಲಯ. ಒಂದು ಅಶ್ವಥ್ ಕ್ಯಾಸೆಟ್ಟು ನಕಲಾಗಿ, ನಕಲಿನ ನಕಲಾಗಿ, ಕೊನೆಯವರಿಗೆ ಮುಟ್ಟುವಾಗ ಹಾಡಿಗಿಂತ ಡಾಲ್ಬಿಗೂ ಬಗ್ಗದ 'ಸ್ಸ್' ಸದ್ದೇ ಜಾಸ್ತಿ. ಅದನ್ನೇ ನೂರೊಂದರಲ್ಲಿ ಕಾರಿನಲ್ಲಿ ಹಾಕಿಕೊಂಡು ಹೋಗುತ್ತಿದ್ದೆವು, ಆಂಪೆಕ್ಸ್ ಫಲಕದ ಮುಂದೆಯೇ.

ಇದೇ ಹೊತ್ತಿಗೆ ಹೆದ್ದಾರಿಯ ದಕ್ಷಿಣಕ್ಕೆ ಕಂಪ್ಯೂಟರು ಹಾಡಲು ಕಲಿಯುತ್ತಿತ್ತು. ಸ್ಟ್ಯಾನ್‌ಫರ್ಡಿನ ಜಾನ್ ಚೌನಿಂಗ್ 1967ರಲ್ಲಿ ಕಂಡುಹಿಡಿದ ಎಫ್.ಎಂ. ಸಿಂಥೆಸಿಸ್ ಎಂಬ ವಿಧಾನವನ್ನು ವಿಶ್ವವಿದ್ಯಾಲಯ ಯಮಾಹಾ ಕಂಪನಿಗೆ ಕೊಟ್ಟಿತು. 1983ರಲ್ಲಿ ಅದು ಡಿ.ಎಕ್ಸ್.7 ಕೀಬೋರ್ಡಾಗಿ ಜಗತ್ತನ್ನೆಲ್ಲ ಆವರಿಸಿತು. ಸ್ಯಾನ್ ಹೋಸೆಯ ಸೀಕ್ವೆನ್ಷಿಯಲ್ ಸರ್ಕಿಟ್ಸ್ ಕಂಪನಿಯ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಕೆಹಾಶಿ ಮುಂತಾದವರ ಜೊತೆ ಸೇರಿ, ಒಂದು ಕಂಪನಿಯ ವಾದ್ಯ ಇನ್ನೊಂದರ ಜೊತೆ ಮಾತಾಡುವ ಮಿಡಿ ಎಂಬ ಭಾಷೆ ರೂಪಿಸಿದರು. 1983ರ ಜನವರಿಯಲ್ಲಿ ಎರಡು ಕಂಪನಿಗಳ ಕೀಬೋರ್ಡುಗಳನ್ನು ತಂತಿಯಿಂದ ಜೋಡಿಸಿ ಅದನ್ನು ತೋರಿಸಿದರು. ಅವರವರಲ್ಲೇ ಜಗಳವಾಡುವ ಕಂಪನಿಗಳು ಒಂದು ಭಾಷೆಗೆ ಒಪ್ಪಿದ್ದು, ಅದನ್ನು ಪುಕ್ಕಟೆ ಬಿಟ್ಟುಕೊಟ್ಟದ್ದು ಈ ಕಣಿವೆಯಲ್ಲಿ ಅಪರೂಪದ ಸಂಗತಿ. 2022ರಲ್ಲಿ ತೀರಿಕೊಂಡ ಸ್ಮಿತ್ ಅವರಿಗೆ ಇದಕ್ಕಾಗಿ 2013ರಲ್ಲಿ ಗ್ರ್ಯಾಮಿ ಗೌರವ ಸಂದಿತು.

ಆದರೆ ಇಲ್ಲೊಂದು ತಕರಾರಿದೆ, ಸಂಗೀತ ಬಲ್ಲ ಓದುಗರಿಗೆ ಆಗಲೇ ಹೊಳೆದಿರಬೇಕು. ಮಿಡಿ ಭಾಷೆ ಪಿಯಾನೋ ಮನೆತನದ್ದು. ಅದಕ್ಕೆ ಸ್ವರವೆಂದರೆ 0ಯಿಂದ 127ರವರೆಗಿನ ಒಂದು ಅಂಕಿ. ಒತ್ತಿದರು, ಬಿಟ್ಟರು, ಎಷ್ಟು ಜೋರಾಗಿ ಒತ್ತಿದರು, ಇಷ್ಟೇ ಅದರ ಲೋಕ. ತೋಡಿಯ ಗಾಂಧಾರವನ್ನು ಆ ಅಂಕಿಗಳಲ್ಲಿ ಯಾವುದು ಎಂದು ಕೇಳಿ ನೋಡಿ! ಅದು ಒಂದು ಜಾಗದಲ್ಲಿ ನಿಲ್ಲುವ ಸ್ವರವೇ ಅಲ್ಲ. ಒಂದು ದಾರಿ ಅದು, ಬಿಂದುವಲ್ಲ. ಸ್ವರವನ್ನು ಬಾಗಿಸಲು ಮಿಡಿಯಲ್ಲಿ ಬೇರೆ ಸೂಚನೆ ಇದೆ, ಅದರಲ್ಲಿ ಹದಿನಾರು ಸಾವಿರಕ್ಕೂ ಮೀರಿದ ಹಂತಗಳಿವೆ, ನಿಜ. ಆದರೆ ಗಮಕವನ್ನು ಒಂದು ಚಕ್ರ ತಿರುಗಿಸಿ ತರುವುದೆಂದರೆ ಜಾಮೂನನ್ನು ಸ್ಪೂನಿನಿಂದ ಕೆತ್ತಿ ಮಾಡಿದ ಹಾಗೆ. ಇಲೆಕ್ಟ್ರಾನಿಕ್ಸನ್ನು ನಮ್ಮ ಸಂಗೀತದ ಒಳಗಿನಿಂದ ಯೋಚಿಸಿದ್ದು ಎಂದರೆ ನನಗೆ ನೆನಪಾಗುವುದು ಬೆಂಗಳೂರು. ಎಚ್.ಎ.ಎಲ್.ನಲ್ಲಿ ಎಂಜಿನಿಯರಾಗಿದ್ದು ಸ್ವತಃ ಸಂಗೀತಗಾರರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ ರಾಡೆಲ್ ಕಂಪನಿಯ ಮೂಲಕ ತಂದ ಇಲೆಕ್ಟ್ರಾನಿಕ್ ತಂಬೂರಿ. ಅಮೆರಿಕದಲ್ಲಿ ಸಂಗೀತ ಪಾಠ ನಡೆಯುವ ಮನೆಗಳಲ್ಲಿ ಆ ಪೆಟ್ಟಿಗೆ ಇಲ್ಲದ್ದು ಕಡಿಮೆ.

ಈಗ ಕಂಪ್ಯೂಟರಿನಲ್ಲಿ ದನಿಯನ್ನೇ ಮುದ್ರಿಸುವ ವಿಷಯ. ದನಿಯನ್ನು ಅಂಕಿಯಾಗಿಸುವುದು ಕಷ್ಟವಿರಲಿಲ್ಲ, ಅಂಕಿಗಳನ್ನು ಇಡಲು ಜಾಗವಿರಲಿಲ್ಲ. ಸಿ.ಡಿ. ಗುಣಮಟ್ಟದಲ್ಲಿ ಒಂದು ಸೆಕೆಂಡಿಗೆ 44,100 ಸಲ ಅಳೆಯಬೇಕು. ಸ್ಟೀರಿಯೋ ಹಾಡಿನ ಒಂದು ನಿಮಿಷಕ್ಕೆ ಸುಮಾರು 10 ಮೆಗಾಬೈಟ್. 1989ರ ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿರುತ್ತಿದ್ದ 40 ಮೆಗಾಬೈಟಿನ ಡಿಸ್ಕಿನಲ್ಲಿ ಬೇರೇನೂ ಇಲ್ಲದಿದ್ದರೂ ಒಂದು ಹಾಡು ಹಿಡಿಸುವುದು ಕಷ್ಟ. ಆ ವರ್ಷವೇ ರೆಡ್‌ವುಡ್ ಸಿಟಿಯ ಪಕ್ಕದ ಮೆನ್ಲೋ ಪಾರ್ಕಿನ ಡಿಜಿಡಿಸೈನ್ ಕಂಪನಿ 'ಸೌಂಡ್ ಟೂಲ್ಸ್' ತಂದಿತು. ಕಟ್ಟಿದವರು ಪೀಟರ್ ಗೋಚರ್, ಇವಾನ್ ಬ್ರೂಕ್ಸ್ ಎಂಬ ಇಬ್ಬರು ಬರ್ಕ್ಲಿಯ ಗೆಳೆಯರು. ಡ್ರಮ್ ಯಂತ್ರಗಳಿಗೆ ಹೊಸ ಹೊಸ ಸದ್ದಿನ ಚಿಪ್ಪು ಮಾಡಿ ಮಾರುವುದರಿಂದ ಶುರು ಮಾಡಿದವರು. 1991ರಲ್ಲಿ ಇದೇ ಕಂಪನಿ 'ಪ್ರೋ ಟೂಲ್ಸ್' ತಂದಿತು, ನಾಲ್ಕು ಸಾಲಿಗೆ ಸುಮಾರು 6,000 ಡಾಲರ್. ಪಾಲೋ ಆಲ್ಟೋದ ಓಪ್‌ಕೋಡ್ ಕಂಪನಿ 1990ರಲ್ಲೇ ಮಿಡಿ ಮತ್ತು ದನಿ ಎರಡನ್ನೂ ಒಂದೇ ಪರದೆಯ ಮೇಲೆ ಕೂಡಿಸಿತ್ತು.

ಬಡವರ ದಾರಿ ಬೇರೆ ಇತ್ತು. ಸಿಂಗಪುರದ ಸಿಮ್ ವಾಂಗ್ ಹೂ ಅವರ ಕ್ರಿಯೇಟಿವ್ ಕಂಪನಿಯ ಸೌಂಡ್ ಬ್ಲಾಸ್ಟರ್ ಕಾರ್ಡು 1989ರಲ್ಲಿ ಬಂತು. ಅದರ ಅಮೆರಿಕದ ಕಚೇರಿ ನಮ್ಮ ಮಿಲ್ಪಿಟಾಸಿನಲ್ಲೇ. ಆಟಗಳಿಗಾಗಿ ಬಂದ ಆ ಕಾರ್ಡಿನಲ್ಲಿ ಮೈಕಿಗೊಂದು ತೂತಿತ್ತು. ಅನೇಕ ಮನೆಗಳಲ್ಲಿ ಕಂಪ್ಯೂಟರಿಗೆ ದನಿ ಹೊಕ್ಕದ್ದು ಅಲ್ಲಿಂದ. ಮುಂದೆ ಎಲ್ಲವೂ ಬೇಗ ಬೇಗ. 1999ರಲ್ಲಿ ಡಿಜಿಡಿಸೈನ್‌ನ 'ಡಿಜಿ 001' ಸಾವಿರ ಡಾಲರಿನೊಳಗೆ 24 ಸಾಲು ಕೊಟ್ಟಿತು. 2000ದಲ್ಲಿ ಕಾರ್ನೆಗಿ ಮೆಲನ್‌ನ ಡಾಮಿನಿಕ್ ಮಝೋನಿ, ರೋಜರ್ ಡ್ಯಾನೆನ್‌ಬರ್ಗ್ ಅವರ 'ಆಡಾಸಿಟಿ' ಪುಕ್ಕಟೆಯಾಗಿ ಬಂತು. 2002ರಲ್ಲಿ ಕೈಯಲ್ಲಿ ಹಿಡಿಯುವಷ್ಟು ಪುಟ್ಟ 'ಎಂಬಾಕ್ಸ್', 2004ರಲ್ಲಿ ಆ್ಯಪಲ್ಲಿನ 'ಗ್ಯಾರೇಜ್ ಬ್ಯಾಂಡ್'. ಲೆಸ್ ಪಾಲ್ ಒಂದು ಮನೆಯ ಬೆಲೆ ತೆತ್ತು ಪಡೆದದ್ದಕ್ಕಿಂತ ಹೆಚ್ಚಿನದು ಸಾಫ್ಟ್‌ವೇರ್ ಎಂಜಿನಿಯರನ ಮಲಗುವ ಕೋಣೆಗೆ ಬಂದು ಕೂತಿತು.

ನಮ್ಮವರಲ್ಲಿ ಹಾಡುವ ಹುಚ್ಚಿನವರಿಗೆ, ಅವರು ಕಡಿಮೆಯೇನಿಲ್ಲ, ಆ ವರ್ಷಗಳು ಸುಗ್ಗಿ. ಬಟ್ಟೆಯ ಕ್ಲಾಸೆಟ್ಟೇ ಸ್ಟುಡಿಯೋ. ಚಳಿಗಾಲದ ಕೋಟುಗಳು, ರೇಷ್ಮೆ ಸೀರೆಗಳು ಗೋಡೆಯ ಪ್ರತಿಧ್ವನಿಯನ್ನು ಕುಡಿದುಬಿಡುತ್ತವೆ. ಕಾಂಜೀವರಂ ಸೀರೆಗೆ ಇಂಥ ಉಪಯೋಗವಿದೆಯೆಂದು ನೇಯ್ದವರಿಗೂ ಗೊತ್ತಿರಲಿಕ್ಕಿಲ್ಲ. ಫ್ರಿಜ್ಜಿನ ಪ್ಲಗ್ಗು ಕೀಳಬೇಕು (ಮತ್ತೆ ಹಾಕಲು ಮರೆತರೆ ಮನೆಯಲ್ಲಿ ಬೇರೆ ಸಂಗೀತ). ಕಂಪ್ಯೂಟರಿನ ಫ್ಯಾನು ಕೇಳದಷ್ಟು ದೂರ ಮೈಕು ಇಡಬೇಕು. ತಂತಿಗಳ ಅರ್ಥಿಂಗ್ ಸರಿಯಿಲ್ಲದಿದ್ದರೆ 'ಹುಂ' ಎಂದು ಒಂದು ಹಮ್. ಇಲ್ಲಿನ ಕರೆಂಟು 60 ಹರ್ಟ್ಸ್, ಊರಿನದು 50. ಈ ಅರವತ್ತು, ಹಾರ್ಮೋನಿಯಂನ ಯಾವ ಮನೆಗೂ ಸೇರದೆ ಎರಡು ಮನೆಗಳ ನಡುವೆ ಬೀಳುತ್ತದೆ. ಅಮೆರಿಕ ಪುಕ್ಕಟೆಯಾಗಿ ಕೊಡುವ ಈ ತಂಬೂರಿ ನಮ್ಮ ಯಾರ ಶ್ರುತಿಗೂ ಕೂಡುವುದಿಲ್ಲ.

ಅದಕ್ಕಿಂತ ದೊಡ್ಡ ತಲೆನೋವು, ಹೊತ್ತು ಮೀರಿ ಬರುವ ನಮ್ಮದೇ ದನಿ. ಕಂಪ್ಯೂಟರು ದನಿಯನ್ನು ಒಂದೊಂದೇ ಅಂಕಿಯಾಗಿ ಸಾಗಿಸುವುದಿಲ್ಲ, ಬುಟ್ಟಿ ತುಂಬಿದ ಮೇಲೆ ಸಾಗಿಸುತ್ತದೆ. ಬುಟ್ಟಿಗೆ 1,024 ಅಂಕಿಯಾದರೆ 23 ಮಿಲಿಸೆಕೆಂಡು, ಹೋಗಿ ಬರುವುದಕ್ಕೆ ಅದರ ಎರಡರಷ್ಟು. ಹೆಡ್‌ಫೋನಿನಲ್ಲಿ ನಮ್ಮ ದನಿ ನಮಗೇ ಹಿಂದೆ ಬಿದ್ದು ಕೇಳುತ್ತದೆ, ಹಾಡು ತಾನಾಗಿ ಎಳೆಯುತ್ತದೆ. ಬುಟ್ಟಿ ಚಿಕ್ಕದು ಮಾಡಿದರೆ ಕಂಪ್ಯೂಟರಿಗೆ ಏದುಸಿರು ಬಂದು ಚಟಪಟ ಸದ್ದು. 1957ರಲ್ಲಿ ರೆಡ್‌ವುಡ್ ಸಿಟಿಯವರು ಒಂದೂವರೆ ಅಂಗುಲದ ಅಂತರವನ್ನು ದಾಟಿದ್ದರಲ್ಲ, ಅದೇ ಹಳೆಯ ಪಿಶಾಚಿ ಲೇಟೆನ್ಸಿ ಎಂಬ ಹೊಸ ಹೆಸರಿನಲ್ಲಿ ಬಂದಿತ್ತು! ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿಯ ಎ.ಎಸ್.ಐ.ಒ. ಎಂಬ ಏರ್ಪಾಟು 1997ರಲ್ಲಿ ಬಂದ ಮೇಲೆ, ಯಂತ್ರಗಳ ವೇಗವೂ ಹೆಚ್ಚಿದ ಮೇಲೆ ಅದು ತಕ್ಕಮಟ್ಟಿಗೆ ಅಡಗಿತು.

ಹೀಗೆ ಸಜ್ಜಾದ ಕೋಣೆಗಳಲ್ಲಿ ನಾವು ಮುದ್ರಿಸಿದ್ದೇನು? ಬಹುಪಾಲು ಹೀಗೆ: ಬೆಂಗಳೂರಿನಲ್ಲಿ ಕೀಬೋರ್ಡ್ ಕಲಾವಿದರೊಬ್ಬರು 'ಟ್ರ್ಯಾಕ್' ತಯಾರಿಸಿ ಇಂಟರ್‌ನೆಟ್ಟಿನಲ್ಲಿ ಕಳಿಸುತ್ತಿದ್ದರು. ನಾವಿಲ್ಲಿ ಅದರ ಮೇಲೆ ಹಾಡಿ ವಾಪಸು ಕಳಿಸುತ್ತಿದ್ದೆವು. ಮಿಕ್ಸ್ ಆಗಿ ಬಂದದ್ದನ್ನು ಸಿ.ಡಿ. ಮಾಡಿ ಸಮ್ಮೇಳನದಲ್ಲಿ ಬಿಡುಗಡೆ. ಅದರಲ್ಲಿ ಒಳ್ಳೆಯ ಕೆಲಸವೂ ಆಯಿತು, ನಮ್ಮ ಮಕ್ಕಳು ಹಾಡು ಕಲಿತರು, ಇಲ್ಲಿನ ಕವಿಗಳ ಕವಿತೆಗೆ ರಾಗ ಬಂತು. ನಾನು ಅದನ್ನು ಹಗುರವಾಗಿ ನೋಡುತ್ತಿಲ್ಲ. ಆದರೆ ಅದೇ ಕೋಣೆಯ ಆಚೆ ಅಡುಗೆಮನೆಯಲ್ಲಿ, ಆರು ತಿಂಗಳ ವೀಸಾದ ಮೇಲೆ ಬಂದ ಅಮ್ಮನೋ ಅತ್ತೆಯೋ ಹುರುಳಿಕಾಯಿ ಹೆಚ್ಚುತ್ತ ಹಸೆಗೆ ಕರೆಯುವ ಹಾಡು, ಬೀಗರ ಹಾಡು, ಆರತಿ ಹಾಡು ಗುನುಗುತ್ತಿದ್ದರು. ಅವಕ್ಕೆ ಯಾವ ಟ್ರ್ಯಾಕೂ ಇಲ್ಲ, ಎಲ್ಲಿಯೂ ಅಚ್ಚಾಗಿಲ್ಲ, ಊರಿಂದ ಊರಿಗೆ ಧಾಟಿ ಬೇರೆ.

ಅವರನ್ನು ಕರೆದು ಮೈಕಿನ ಮುಂದೆ ಕೂರಿಸಿದರೂ ಯಂತ್ರ ಅವರನ್ನು ಒಪ್ಪುತ್ತಿರಲಿಲ್ಲ. ಗ್ಯಾರೇಜ್ ಬ್ಯಾಂಡ್ ತೆರೆದೊಡನೆ ಅದು ತಾನೇ ತೀರ್ಮಾನಿಸಿಕೊಂಡಿರುತ್ತದೆ: ನಿಮಿಷಕ್ಕೆ 120 ಪೆಟ್ಟು, ನಾಲ್ಕು ನಾಲ್ಕರ ಲೆಕ್ಕ, ಸಿ ಮೇಜರ್. ಟಿಕ್ ಟಿಕ್ ಎಂದು ಕಿವಿಯಲ್ಲಿ ಬಡಿಯುವ ಕ್ಲಿಕ್ಕು. ಶೋಭಾನೆ ಪದ ಹಾಡುವವರಿಗೆ ಎಲ್ಲಿಯ 120? ನುಡಿಯಲ್ಲಿ ವರನ ಹೆಸರು ಬಂದಾಗ ಒಂದಿಷ್ಟು ನಿಲ್ಲುತ್ತಾರೆ, ಮರೆತದ್ದು ನೆನಪಾಗುವವರೆಗೆ ಹಿಂದಿನ ಸಾಲನ್ನೇ ಇನ್ನೊಮ್ಮೆ ಹೇಳುತ್ತಾರೆ, ಶ್ರುತಿ ಮೂರನೇ ನುಡಿಗೆ ಅರ್ಧ ಮನೆ ಏರಿರುತ್ತದೆ. "ಇದೆಲ್ಲ ಯಾಕೋ ಮಗಾ, ಹಾಗೇ ಹೇಳ್ತೀನಿ ಕೇಳ್ಕೋ" ಎಂದು ಹೆಡ್‌ಫೋನ್ ತೆಗೆದಿಡುತ್ತಾರೆ. ಕ್ಲಿಕ್ಕನ್ನು ಆರಿಸಿ, ಒಂದೇ ಸಾಲು ತೆರೆದು, ಮೈಕನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಸುಮ್ಮನಾದ ಮನೆಗಳಲ್ಲಿ ಮಾತ್ರ ಆ ಹಾಡುಗಳು ಉಳಿದವು. ಇಷ್ಟೆಲ್ಲ ಎಂಟು ಸಾಲು, ಇಪ್ಪತ್ನಾಲ್ಕು ಸಾಲುಗಳ ಇತಿಹಾಸ ಹೇಳಿದ ಮೇಲೆ ನನ್ನ ಅಭಿಪ್ರಾಯ ಇದು: ನಮ್ಮ ಮನೆಗಳ ಕಂಪ್ಯೂಟರುಗಳು ಮಾಡಿದ ಅತ್ಯುತ್ತಮ ಕೆಲಸ ಒಂದು ಸಾಲಿನದು. ಊರಿನಲ್ಲಿ ಎಚ್.ಎಲ್. ನಾಗೇಗೌಡರಂಥವರು ಹಳ್ಳಿ ಹಳ್ಳಿಯ ಹಾಡುಗಳನ್ನು ಟೇಪಿಗೆ ಹಿಡಿಸಿದ್ದರಿಂದಲೇ ರಾಮನಗರದ ಬಳಿಯ ಜಾನಪದ ಲೋಕದಲ್ಲಿ ಅವು ಇಂದು ಇವೆ. ಅವರ ಬಳಿ ಇದ್ದದ್ದೂ ಕ್ಲಿಕ್ಕಿಲ್ಲದ ಟೇಪ್ ರೆಕಾರ್ಡರೇ.

ಉಳಿದವು ಎಂದೆ, ಎಷ್ಟು ಕಾಲಕ್ಕೆ ಎನ್ನುವುದು ಬೇರೆ ಪ್ರಶ್ನೆ. ಹವೆಯ ಮಾತು ಈಗ ಬಂತು. ಎಪ್ಪತ್ತರ ದಶಕದ ಮಧ್ಯಭಾಗದಿಂದ ಆಂಪೆಕ್ಸ್ ಮಾರಿದ 406, 456 ಮುಂತಾದ ಸ್ಟುಡಿಯೋ ಟೇಪುಗಳಲ್ಲಿ ಆಕ್ಸೈಡನ್ನು ಪಟ್ಟಿಗೆ ಅಂಟಿಸುವ ಅಂಟು ಗಾಳಿಯ ತೇವ ಕುಡಿಯುತ್ತದೆ. ವರ್ಷಗಳಾದ ಮೇಲೆ ಟೇಪು ಅಂಟಂಟಾಗಿ, ಹೆಡ್ಡಿಗೆ ಕಚ್ಚಿಕೊಂಡು ಕಿರಗುಟ್ಟಿ, ಹಾಡು ಪುಡಿಯಾಗಿ ಉದುರುತ್ತದೆ. ಪರಿಹಾರ ಕೇಳಿದರೆ ನಗುತ್ತೀರಿ: ಹದವಾದ ಒಲೆಯಲ್ಲಿ, ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಗಂಟೆಗಟ್ಟಲೆ ಇಟ್ಟು ಬೇಯಿಸುವುದು! ಹಪ್ಪಳ ಒಣಗಿಸುವುದಕ್ಕಿಂತ ಸ್ವಲ್ಪ ಹೆಚ್ಚಿನ ಕೆಲಸ. ಆಮೇಲೆ ಕೆಲವು ದಿನ ಅದು ಹಾಡುತ್ತದೆ, ಆಗಲೇ ಪ್ರತಿ ಮಾಡಿಕೊಳ್ಳಬೇಕು. ಜಗತ್ತಿನ ಎಷ್ಟೋ ಪ್ರಸಿದ್ಧ ಹಾಡುಗಳ ಮೂಲಸುರುಳಿಗಳು ಹೀಗೆ ಒಲೆ ಕಂಡಿವೆ. ಆಂಪೆಕ್ಸ್ ತನ್ನ ಟೇಪ್ ವ್ಯವಹಾರವನ್ನು ತೊಂಬತ್ತರ ದಶಕದಲ್ಲೇ ಮಾರಿತು. ಅದು ಕ್ವಾಂಟೆಜಿ ಎಂಬ ಹೆಸರಿನಲ್ಲಿ ನಡೆಯುತ್ತಿದ್ದು, 2005ರ ಆರಂಭದಲ್ಲಿ ಅಲಬಾಮಾದ ಕಾರ್ಖಾನೆಗೆ ದಿಢೀರನೆ ಬೀಗ ಬಿದ್ದಾಗ ಸ್ಟುಡಿಯೋಗಳವರು ಉಳಿದ ಟೇಪಿಗಾಗಿ ಓಡಾಡಿದರು.

ಕಂಪ್ಯೂಟರಿನಲ್ಲಿಟ್ಟರೆ ಭದ್ರ ಎಂದೇನಿಲ್ಲ. ಪಾಲೋ ಆಲ್ಟೋದ ಓಪ್‌ಕೋಡ್ ಕಂಪನಿಯನ್ನು 1998ರಲ್ಲಿ ಗಿಬ್ಸನ್ ಕೊಂಡಿತು, ಮಾರನೆಯ ವರ್ಷವೇ ಅದರ ಕೆಲಸ ನಿಂತಿತು. ಅದರಲ್ಲಿ ಸಂಗೀತ ಕಟ್ಟಿದವರ ಕಡತಗಳನ್ನು ತೆರೆಯಲು ಈಗ ಆ ಕಾಲದ ಮ್ಯಾಕ್ ಹುಡುಕಬೇಕು. ಟೇಪನ್ನಾದರೂ ಬೇಯಿಸಬಹುದು, ಇದನ್ನೇನು ಮಾಡುವುದು? ಆದ್ದರಿಂದ ಬಲ್ಲವರು ಯಾವ ಸಾಫ್ಟ್‌ವೇರಿನಲ್ಲಿ ಮುದ್ರಿಸಿದರೂ ಕೊನೆಗೆ ಸಾದಾ ವೇವ್ ಫೈಲಿನಲ್ಲಿ ಒಂದು ಪ್ರತಿ ಇಡುತ್ತಾರೆ.

ಆಂಪೆಕ್ಸ್ ಕೊಲ್ಲಿಯಾಚೆಯ ಹೇವರ್ಡಿಗೆ ಹೋಯಿತು. ರೆಡ್‌ವುಡ್ ಸಿಟಿಯಲ್ಲಿ ಅದರ ಕಟ್ಟಡಗಳಿದ್ದ ಜಾಗದಲ್ಲಿ 2019ರಲ್ಲಿ ಸ್ಟ್ಯಾನ್‌ಫರ್ಡಿನ ಹೊಸ ಆವರಣ ತೆರೆಯಿತು. ಕಂಪನಿಯ ಹಳೆಯ ದಾಖಲೆಗಳೂ ಸ್ಟ್ಯಾನ್‌ಫರ್ಡಿನ ಗ್ರಂಥಾಲಯದಲ್ಲೇ ಇವೆ.

ನಮ್ಮ ಗ್ಯಾರೇಜಿನ ಡಬ್ಬಗಳಲ್ಲಿರುವ ಕ್ಯಾಸೆಟ್ಟುಗಳಿಗೆ ಅಂಥ ಗ್ರಂಥಾಲಯವಿಲ್ಲ. ಅಜ್ಜಿ ಎಂಬತ್ತೈದರಲ್ಲಿ ಹಾಡಿದ್ದು, ಅಪ್ಪ ಅಂಚೆಯಲ್ಲಿ ಕಳಿಸಿದ 'ಮಾತಿನ ಕಾಗದ', ತಂಗಿಯ ಮದುವೆಯ ಗದ್ದಲದ ನಡುವೆ ಯಾರೋ ಹಿಡಿದ ಹಸೆ ಹಾಡು, ಎಲ್ಲ ಅಲ್ಲಿವೆ. ಇವುಗಳನ್ನು ಬೇಯಿಸಲು ಹೋಗಬೇಡಿ, ಇವುಗಳ ಕಾಯಿಲೆ ಬೇರೆ. ಟೇಪನ್ನು ಹೆಡ್ಡಿಗೆ ಒತ್ತುವ ಪುಟ್ಟ ಫೆಲ್ಟ್ ತುಂಡು ಅಂಟು ಬಿಟ್ಟು ಬಿದ್ದಿರುತ್ತದೆ. ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ಟಿನ ಹೊಟ್ಟೆಗೆ ಸುರುಳಿ ವರ್ಗಾಯಿಸಿದರೆ ಮತ್ತೆ ದನಿ ಬರುತ್ತದೆ. ಬೂಷ್ಟು ಹಿಡಿದಿದ್ದರೆ ನುರಿತವರಿಗೆ ಕೊಡಿ. ಒಂದು ಹಳೆಯ ಡೆಕ್ಕು, ಅದರ ಹೆಡ್ಡು ಒರೆಸಲು ಸ್ವಲ್ಪ ಆಲ್ಕೊಹಾಲು, ಡೆಕ್ಕಿನಿಂದ ಕಂಪ್ಯೂಟರಿಗೆ ಒಂದು ತಂತಿ, ಪುಕ್ಕಟೆ ಆಡಾಸಿಟಿ ಸಾಕು. ಡಾಲ್ಬಿ ಗುಂಡಿ ಮುದ್ರಿಸಿದಾಗ ಹೇಗಿತ್ತೋ ಹಾಗೇ ಇರಲಿ. ಕಂಪ್ಯೂಟರಿನಲ್ಲಿ ಎಲ್ಲವೂ ಚಿಟಿಕೆ ಹೊಡೆಯುವುದರಲ್ಲಿ ನಕಲಾಗುತ್ತದೆ, ಇದೊಂದು ಮಾತ್ರ ಹಾಗಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷವೇ ಬೇಕು, ನಲವತ್ತೈದನೆಯ ನಿಮಿಷಕ್ಕೆ ಎದ್ದು ಬಂದು ಮಗ್ಗುಲು ತಿರುಗಿಸಬೇಕು.